ತಿಜೋರಿಯಲ್ಲಿ ನೂರು, ಪೇಟೆಯಲ್ಲಿ ಎಪ್ಪತ್ತು

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗ ಹಬ್ಬಕ್ಕೆ ಬಂದಾಗ ಒಂದು ಸಂಗತಿ ಹೇಳಿದ. ಕೆಲವು ಕಂಪನಿಗಳ ಬಳಿ ಇರುವ ನಗದಿಗಿಂತಲೂ ಕಡಿಮೆ ಬೆಲೆಗೆ ಅವುಗಳ ಷೇರು ಪೇಟೆಯಲ್ಲಿ ಸಿಗುತ್ತವಂತೆ. ಕೊಂಡಿಟ್ಟು ಕಾದರೆ ಸಾಕಂತೆ. ನೂರರ ನೋಟನ್ನು ಎಪ್ಪತ್ತಕ್ಕೆ ಮಾರುವ ದಡ್ಡ ಯಾರಿರುತ್ತಾನೆ? ‘ತಾಳಿದವನು ಬಾಳಿಯಾನು’ ಎಂದು ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಬರೆಸಿದವನು ನಾನು, ಆದರೂ ನಂಬಿಕೆ ಬರುತ್ತಿಲ್ಲ. ಅವನು ತೋರಿಸಿದ ಕಂಪನಿಯ ಲೆಕ್ಕದ ಎರಡು ಪುಟಗಳನ್ನು, ಹೆಸರು ಮುಚ್ಚಿ, ಜೆರಾಕ್ಸ್ ಮಾಡಿಸಿ ಕಳಿಸಿದ್ದೇನೆ.
— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಾಗರ

ಉತ್ತರ: ಮಾರುತ್ತಾರೆ ಮೇಷ್ಟ್ರೇ. ಮಾರುವವರೆಲ್ಲ ದಡ್ಡರೂ ಅಲ್ಲ. ನಿಮ್ಮ ನೋಟಿನ ಉದಾಹರಣೆಯಲ್ಲೇ ಒಂದು ಸಣ್ಣ ತಿದ್ದುಪಡಿ ಬೇಕು, ಅಷ್ಟೆ. ನೋಟು ನಿಮ್ಮ ಜೇಬಿನಲ್ಲಿದ್ದರೆ ಅದು ನೂರೇ. ಆದರೆ ಅದು ಕೂಡುಕುಟುಂಬದ ತಿಜೋರಿಯಲ್ಲಿದ್ದು, ಬೀಗದ ಕೈ ದೊಡ್ಡಪ್ಪನ ಸೊಂಟದಲ್ಲಿದ್ದರೆ? ಪಾಲುಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ನೂರು ಎಂದೇ ಬರೆದಿರುತ್ತದೆ. ದೊಡ್ಡಪ್ಪ ಅದನ್ನು ಹಂಚುತ್ತಾನೋ, ಸುಮ್ಮನೆ ಬ್ಯಾಂಕಿನಲ್ಲಿ ಇಡುತ್ತಾನೋ, ಅಳಿಯನ ಅಂಗಡಿಗೆ ಸುರಿಯುತ್ತಾನೋ ಯಾರಿಗೆ ಗೊತ್ತು? ಮಗಳ ಮದುವೆಗೆ ಈ ತಿಂಗಳೇ ಹಣ ಬೇಕಾದ ದಾಯಾದಿ ತನ್ನ ಪಾಲನ್ನು ಎಪ್ಪತ್ತಕ್ಕೆ ಬಿಟ್ಟುಕೊಡುತ್ತಾನೆ. ಷೇರುಪೇಟೆ ಕೊಡುತ್ತಿರುವ ರಿಯಾಯಿತಿ ನೋಟಿನ ಮೇಲಲ್ಲ, ದೊಡ್ಡಪ್ಪನ ಮೇಲೆ.

ಹಾಗಾಗಿ ಇಂಥ ಷೇರು ಕಂಡಾಗ ಎಷ್ಟು ಹಣ ಇದೆ ಎಂದು ಕೇಳುವುದು ಅರ್ಧ ಪ್ರಶ್ನೆ. ಬೀಗದ ಕೈ ಯಾರ ಬಳಿ ಇದೆ, ಅವನು ಬಾಗಿಲು ತೆರೆಯಲು ಏನು ಕಾರಣ ಎಂಬುದು ಉಳಿದರ್ಧ. ನಿಮ್ಮ ಮಗನ ಹಾಳೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುಂಚೆ ಈ ವಿದ್ಯೆಯ ಮೂಲಪುರುಷನ ಕಥೆ ಕೇಳಿ.

ಬೆಂಜಮಿನ್ ಗ್ರಹಾಂ ಎಂಬ ಹೆಸರು ನಿಮ್ಮ ಮಗ ಹೇಳಿಯೇ ಇರುತ್ತಾನೆ. ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್‌ನ ಗುರು. 1926ರಲ್ಲಿ ಅವನಿಗೆ 32 ವರ್ಷ, ನ್ಯೂಯಾರ್ಕಿನಲ್ಲಿ ಇತರರ ಹಣ ನೋಡಿಕೊಳ್ಳುವ ಕೆಲಸ. ಅಮೆರಿಕದ ರೈಲು ಮತ್ತು ತೈಲ ಕೊಳವೆ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಆಯೋಗದ ವರದಿಯನ್ನು ಓದುತ್ತಿದ್ದಾಗ, ಕೊಳವೆ ಕಂಪನಿಗಳು ಇದಕ್ಕಿಂತ ವಿವರವಾದ ಲೆಕ್ಕವನ್ನು ಆಯೋಗಕ್ಕೆ ಕೊಡುತ್ತವೆ ಎಂಬ ಸುಳಿವು ಸಿಕ್ಕಿತು. ಇನ್ನೊಬ್ಬನಾಗಿದ್ದರೆ ಪುಟ ತಿರುಗಿಸುತ್ತಿದ್ದ. ಇವನು ವಾಷಿಂಗ್ಟನ್ನಿಗೆ ರೈಲು ಹತ್ತಿದ. ಅಲ್ಲಿನ ದಾಖಲೆ ಕೋಣೆಯಲ್ಲಿ ಕೂತು ಫೈಲು ತರಿಸಿಕೊಂಡು ನೋಡಿದರೆ, ನಾರ್ದರ್ನ್ ಪೈಪ್ ಲೈನ್ ಎಂಬ ಸಣ್ಣ ಕಂಪನಿ ತನ್ನ ವ್ಯವಹಾರಕ್ಕೆ ಬೇಕೇ ಇಲ್ಲದ ರೈಲ್ವೆ ಬಾಂಡುಗಳ ಗಂಟು ಇಟ್ಟುಕೊಂಡು ಕೂತಿತ್ತು. ಷೇರೊಂದಕ್ಕೆ ಲೆಕ್ಕ ಹಾಕಿದರೆ ಸುಮಾರು 95 ಡಾಲರ್. ಪೇಟೆಯಲ್ಲಿ ಷೇರಿನ ಬೆಲೆ 65. ಕೊಳವೆ, ಪಂಪು, ನಡೆಯುತ್ತಿದ್ದ ವ್ಯಾಪಾರ ಎಲ್ಲ ಪುಕ್ಕಟೆ. ಅದರ ಮೇಲೆ ವರ್ಷಕ್ಕೆ 6 ಡಾಲರ್ ಲಾಭಾಂಶ ಬೇರೆ, ಅಂದರೆ ಹಾಕಿದ ಹಣಕ್ಕೆ ಶೇಕಡಾ 9ಕ್ಕೂ ಮೇಲೆ. ಈ ಕೊನೆಯ ಸಂಗತಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಕಂಪನಿ ಬಂದದ್ದು ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಮನೆತನದಿಂದ. 1911ರಲ್ಲಿ ಸುಪ್ರೀಂ ಕೋರ್ಟು ಆ ದೈತ್ಯ ಸಂಸ್ಥೆಯನ್ನು ಒಡೆದಾಗ ಉದುರಿದ ತುಂಡುಗಳಲ್ಲಿ ಇದೂ ಒಂದು. ಗ್ರಹಾಂ ಸದ್ದಿಲ್ಲದೆ 2,000 ಷೇರು ಕೊಂಡ. ಆಮೇಲೆ ಕಂಪನಿಯ ಕಚೇರಿಗೆ ಹೋಗಿ, ಈ ಬಾಂಡುಗಳನ್ನು ಮಾರಿ ಹಣವನ್ನು ಷೇರುದಾರರಿಗೆ ಹಂಚಬಾರದೇಕೆ ಎಂದು ಕೇಳಿದ. ಬಂದ ಉತ್ತರದ ತಾತ್ಪರ್ಯ: ಕೊಳವೆ ವ್ಯವಹಾರ ನಿಮಗೆ ತಿಳಿಯುವಂಥದ್ದಲ್ಲ, ನಮ್ಮ ನೀತಿ ಹಿಡಿಸದಿದ್ದರೆ ಷೇರು ಮಾರಿ ಹೊರಡಿ. ದೊಡ್ಡಪ್ಪಂದಿರ ಮಾತು ಎಲ್ಲ ದೇಶದಲ್ಲೂ ಒಂದೇ.

1927ರ ಜನವರಿಯಲ್ಲಿ ವಾರ್ಷಿಕ ಮಹಾಸಭೆ. ಜಾಗ ಪೆನ್ಸಿಲ್ವೇನಿಯಾದ ಆಯಿಲ್ ಸಿಟಿ ಎಂಬ ದೂರದ ಊರು. ನ್ಯೂಯಾರ್ಕಿನಿಂದ ಪಿಟ್ಸ್‌ಬರ್ಗಿಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಕೊರೆಯುವ ಚಳಿ. ಸಭೆಯಲ್ಲಿ ನೋಡಿದರೆ ಕಂಪನಿಯ ನೌಕರರೇ ಐದಾರು ಮಂದಿ, ಹೊರಗಿನವನು ಇವನೊಬ್ಬನೇ. ವರದಿ ಮಂಜೂರಾಯಿತು, ಎಲ್ಲ ಹೂಂ ಅಂದರು. ಗ್ರಹಾಂ ಎದ್ದು ನಿಂತು, ಕಂಪನಿಯ ಹಣಕಾಸಿನ ಬಗ್ಗೆ ಬರೆದು ತಂದ ಟಿಪ್ಪಣಿ ಓದಲು ಅವಕಾಶ ಕೇಳಿದ. ಗೊತ್ತುವಳಿಯ ರೂಪದಲ್ಲಿ ಮಂಡಿಸಿ ಎಂದರು. ಮಂಡಿಸಿದ. ಅನುಮೋದಿಸುವವರು ಯಾರಾದರೂ ಇದ್ದೀರಾ ಎಂದು ಅಧ್ಯಕ್ಷರು ಕೇಳಿದರು. ಯಾರೂ ಇಲ್ಲ. ಜೊತೆಗೊಬ್ಬ ಅನುಮೋದಕನನ್ನು ಕರೆದುಕೊಂಡು ಬರಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ! ಕೆಲವೇ ನಿಮಿಷಗಳಲ್ಲಿ ಸಭೆ ಮುಗಿಯಿತು. ಟಿಪ್ಪಣಿ ಜೇಬಿನಲ್ಲೇ ಇಟ್ಟುಕೊಂಡು ಅಷ್ಟು ದೂರ ವಾಪಸು.

ಅವನ ತಾಳ್ಮೆ ಹೇಗಿತ್ತು ನೋಡಿ. ಆ ವರ್ಷವಿಡೀ ಅವನು ಕೈಕಟ್ಟಿ ಕೂರಲಿಲ್ಲ. ಇನ್ನಷ್ಟು ಷೇರು ಕೊಂಡ. ಷೇರುದಾರರ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಬರೆದ, ದೊಡ್ಡವರ ಮನೆ ಬಾಗಿಲಿಗೆ ಹೋದ, ಪರವಾಗಿ ಮತ ಹಾಕುವ ಅಧಿಕಾರಪತ್ರ ಸಂಗ್ರಹಿಸಿದ. ಸುಮಾರು ಶೇಕಡಾ 23ರಷ್ಟು ಷೇರು ಹೊಂದಿದ್ದ ರಾಕ್‌ಫೆಲರ್ ಪ್ರತಿಷ್ಠಾನವನ್ನೂ ಕಂಡ. ಅವರು ಕೇಳಿಸಿಕೊಂಡು, ನಾವು ಕಂಪನಿಯ ಆಡಳಿತದಲ್ಲಿ ತಲೆ ಹಾಕುವುದಿಲ್ಲ ಎಂದರು. 1928ರ ಜನವರಿಯಲ್ಲಿ ಶೇಕಡಾ 38ರಷ್ಟು ಮತದೊಂದಿಗೆ ಅದೇ ಆಯಿಲ್ ಸಿಟಿಗೆ ಹೋದಾಗ ಐದು ನಿರ್ದೇಶಕ ಸ್ಥಾನಗಳಲ್ಲಿ ಎರಡು ಸಿಕ್ಕವು. ಆಮೇಲೆ ಬಹಳ ದಿನ ಬೇಕಾಗಲಿಲ್ಲ. ಷೇರಿಗೆ 70 ಡಾಲರ್ ಹಂಚಲು ಆಡಳಿತ ಒಪ್ಪಿತು. ಹಂಚಿದ್ದು, ಉಳಿದ ಷೇರಿನ ಬೆಲೆ ಸೇರಿಸಿದರೆ 65 ಹಾಕಿದವನ ಕೈಗೆ 110ರ ಮೇಲೆ ಬಂತು.

ಮುಂದೆ 1932ರಲ್ಲಿ, ಪೇಟೆ ತಳ ಕಂಡಿದ್ದಾಗ, ಗ್ರಹಾಂ ಫೋರ್ಬ್ಸ್ ಪತ್ರಿಕೆಗೆ ಮೂರು ಲೇಖನ ಬರೆದ. ಅವನು ಪಾಠ ಹೇಳುತ್ತಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು 600 ಕೈಗಾರಿಕಾ ಕಂಪನಿಗಳ ಲೆಕ್ಕ ತೆಗೆದಿದ್ದರು. ಮೂರರಲ್ಲಿ ಒಂದು, ಎಲ್ಲ ಸಾಲ ಕಳೆದು ಉಳಿಯುವ ನಗದು, ಸರಕು, ಬರಬೇಕಾದ ಬಾಕಿಗಳ ಮೊತ್ತಕ್ಕಿಂತ ಅಗ್ಗವಾಗಿ ಬಿದ್ದಿತ್ತು. ಐವತ್ತಕ್ಕೂ ಹೆಚ್ಚು ಕಂಪನಿಗಳು ಬರೀ ನಗದು ಮತ್ತು ಬಾಂಡುಗಳ ಬೆಲೆಗಿಂತಲೂ ಕೆಳಗಿಳಿದಿದ್ದವು. ಇಂಥವನ್ನು, ಸಾಲ ಕಳೆದು ಉಳಿಯುವ ಮೊತ್ತದ ಮೂರನೇ ಎರಡು ಭಾಗದ ಬೆಲೆಗೆ ಕೊಳ್ಳಬೇಕು, ಒಂದೆರಡಲ್ಲ, ಮೂವತ್ತರಷ್ಟಾದರೂ ಕೊಳ್ಳಬೇಕು ಎಂಬುದು ಅವನ ಪದ್ಧತಿ. ಯಾಕೆಂದರೆ ಯಾವ ದೊಡ್ಡಪ್ಪ ಬಾಗಿಲು ತೆರೆಯುತ್ತಾನೆ, ಯಾವನು ಕೀಲಿಯನ್ನು ಬಾವಿಗೆ ಹಾಕುತ್ತಾನೆ ಎಂದು ಮೊದಲೇ ಹೇಳಲು ಅವನಿಗೂ ಆಗುತ್ತಿರಲಿಲ್ಲ. ನಿಮ್ಮ ಮಗ ತೋರಿಸಿರುವುದು ಒಂದೇ ಒಂದು ಕಂಪನಿ.

ಈಗ ತಾಳ್ಮೆಗೆ ಬರೋಣ. ನೀವು ಕಾಪಿ ಬರೆಸಿದ ಗಾದೆಯ ಮೇಲೆ ನನಗೆ ತಕರಾರಿಲ್ಲ. ಆದರೆ ಷೇರಿನಲ್ಲಿ ತಾಳುವುದಕ್ಕೂ ಬಾಡಿಗೆ ಇದೆ. ಎಪ್ಪತ್ತಕ್ಕೆ ಕೊಂಡದ್ದು ನೂರಾಯಿತು ಅಂತಿಟ್ಟುಕೊಳ್ಳಿ. ಮೂರು ವರ್ಷದಲ್ಲಿ ಆದರೆ ವರ್ಷಕ್ಕೆ ಶೇಕಡಾ 12.6ರ ಗಳಿಕೆ, ಭೇಷ್. ಐದು ವರ್ಷ ಹಿಡಿದರೆ 7.4, ಊರಿನ ಬ್ಯಾಂಕಿನ ಠೇವಣಿಯ ಆಸುಪಾಸು. ಹತ್ತು ವರ್ಷ ಹಿಡಿದರೆ 3.6! ಅಷ್ಟಕ್ಕೆ ಯಾಕೆ ಷೇರಿನ ತಲೆನೋವು? ನಡುವೆ ಲಾಭಾಂಶ ಬರುತ್ತಿದ್ದರೆ ಮಾತ್ರ ಕಾಯುವವನ ಹೊಟ್ಟೆಗೆ ಗಂಜಿ. ಗ್ರಹಾಂಗೆ ಬರುತ್ತಿದ್ದ 6 ಡಾಲರ್ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಇನ್ನು ಕಂಪನಿ ನಷ್ಟದಲ್ಲಿದ್ದರೆ ಲೆಕ್ಕವೇ ತಿರುಗುಮುರುಗು. ತಿಜೋರಿಯ ನೂರರಲ್ಲಿ ವರ್ಷಕ್ಕೆ ಹನ್ನೆರಡು ಕರಗಿದರೆ ಮೂರನೇ ವರ್ಷಕ್ಕೆ ಒಳಗಿರುವುದು 64. ನೀವು ಕೊಟ್ಟದ್ದು ಎಪ್ಪತ್ತು.

ನಮ್ಮ ದೇಶದಲ್ಲಿ ಇಂಥದ್ದು ಇದೆಯೇ ಎಂದರೆ, 2024ರ ಅಕ್ಟೋಬರ್ 29ರಂದು ಮುಂಬೈ ಷೇರುಪೇಟೆಯಲ್ಲಿ (ಬಿಎಸ್‌ಇ) ನಡೆದದ್ದನ್ನು ಹೇಳಬೇಕು. ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಎಂಬುದು ಏಷ್ಯನ್ ಪೇಂಟ್ಸ್‌ನ ಪ್ರವರ್ತಕರ ಗುಂಪಿಗೆ ಸೇರಿದ ಹೂಡಿಕೆ ಕಂಪನಿ. ಅದರ ಬಳಿ ಇದ್ದದ್ದು ನಗದಲ್ಲ, ನಗದಿನಷ್ಟೇ ಸುಲಭವಾಗಿ ಬೆಲೆ ಕಟ್ಟಬಹುದಾದ ಏಷ್ಯನ್ ಪೇಂಟ್ಸ್ ಷೇರುಗಳು, ಸಾವಿರಾರು ಕೋಟಿ ರೂಪಾಯಿಯವು. ಎಲ್ಸಿಡ್‌ನ ಒಟ್ಟು ಷೇರುಗಳು ಬರೀ 2 ಲಕ್ಷ. ಪೇಟೆಯ ಫಲಕದ ಮೇಲಿದ್ದ ಬೆಲೆ 3 ರೂಪಾಯಿ 53 ಪೈಸೆ. ಗುಣಿಸಿ ನೋಡಿ ಮೇಷ್ಟ್ರೇ: ಇಡೀ ಕಂಪನಿಯ ಬೆಲೆ 7 ಲಕ್ಷದ ಚಿಲ್ಲರೆ, ಒಂದು ಸಾಧಾರಣ ಕಾರಿನಷ್ಟು! ಷೇರಿಗೆ ಕೊಡುತ್ತಿದ್ದ ಲಾಭಾಂಶವೇ 25 ರೂಪಾಯಿ.

ಹಾಗಾದರೆ ಎಲ್ಲರೂ ನುಗ್ಗಿ ಕೊಳ್ಳಲಿಲ್ಲ ಏಕೆ? ಕೊಳ್ಳುವವರ ಸಾಲು ಇತ್ತು, ಮಾರುವವರು ಇರಲಿಲ್ಲ. ದಿನಕ್ಕೆ ಇಂತಿಷ್ಟೇ ಶೇಕಡಾ ಏರಬಹುದು ಎಂಬ ಮಿತಿಯೊಳಗೆ ಮೂರು ರೂಪಾಯಿಯ ಷೇರು ಏರಿದರೆ ಪೈಸೆ ಲೆಕ್ಕದಲ್ಲಿ. ಆ ಪೈಸೆಗೆ ಯಾರು ಮಾರುತ್ತಾರೆ? ವ್ಯಾಪಾರವೇ ನಡೆಯದೆ ಹಳೆಯ ಬೆಲೆ ಗೋಡೆಗೆ ಹೊಡೆದ ಕ್ಯಾಲೆಂಡರಿನಂತೆ ನೇತಾಡುತ್ತಿತ್ತು. ಕೊನೆಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ಇಂಥ ಹೂಡಿಕೆ ಕಂಪನಿಗಳ ಷೇರನ್ನು ಏರಿಳಿತದ ಮಿತಿಯಿಲ್ಲದೆ ವಿಶೇಷ ಹರಾಜಿನಲ್ಲಿ ಮಾರಲು ಅವಕಾಶ ಕೊಟ್ಟಿತು. ಅಕ್ಟೋಬರ್ 29ರಂದು ದಿನದ ಕೊನೆಯ ಬೆಲೆ 2,36,250 ರೂಪಾಯಿ. ಅದುವರೆಗೆ ಮೊದಲ ಸ್ಥಾನದಲ್ಲಿದ್ದ ಎಂಆರ್‌ಎಫ್ ಷೇರನ್ನೂ ಹಿಂದೆ ಹಾಕಿ ಅಂದು ದೇಶದ ಅತಿ ದುಬಾರಿ ಷೇರಾಯಿತು. ಆ ಬೆಲೆ ಕೂಡ ಒಳಗಿದ್ದ ಆಸ್ತಿಯ ಅರ್ಧಕ್ಕಿಂತ ಕಡಿಮೆ ಎಂಬುದನ್ನು ಪತ್ರಿಕೆಗಳ ತಲೆಬರಹಗಳು ಹೇಳಲಿಲ್ಲ. ಪೇಟೆ ಎಚ್ಚೆತ್ತಿತು, ಆದರೆ ದೊಡ್ಡಪ್ಪನ ಸೊಂಟದಿಂದ ಬೀಗದ ಕೈ ಒಂದಿಂಚೂ ಕದಲಿಲ್ಲವಲ್ಲ, ಪೇಟೆ ಅದನ್ನೂ ಲೆಕ್ಕಕ್ಕೆ ಹಿಡಿಯಿತು.

ಗ್ರಹಾಂ ಆಯಿಲ್ ಸಿಟಿಯಲ್ಲಿ ಗೆದ್ದದ್ದು ಅಲ್ಲಿ ಯಾರ ಬಳಿಯೂ ಅರ್ಧಕ್ಕಿಂತ ಹೆಚ್ಚು ಷೇರು ಇರಲಿಲ್ಲ ಎಂಬ ಕಾರಣಕ್ಕೆ. ನಮ್ಮಲ್ಲಿ ಪ್ರವರ್ತಕರು ಶೇಕಡಾ 75ರವರೆಗೆ ಇಟ್ಟುಕೊಳ್ಳಬಹುದು, ಬಹಳ ಕಂಪನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ನೀವೂ ನಾನೂ ಊರೆಲ್ಲ ಸುತ್ತಿ ಮತ ಕೂಡಿಸಿದರೂ ನಿರ್ದೇಶಕನ ಕುರ್ಚಿ ಸಿಗುವುದು ಅಷ್ಟರಲ್ಲೇ ಇದೆ. ಈ ವಿಷಯದಲ್ಲಿ ಜಪಾನ್ ನಮಗಿಂತ ಹಳೆಯ ರೋಗಿ. ಅಲ್ಲಿನ ಕಂಪನಿಗಳು ದಶಕಗಟ್ಟಲೆ ನಗದಿನ ರಾಶಿಯ ಮೇಲೆ ಕೂತಿದ್ದವು, ಅಗ್ಗ ಎಂದು ಕೊಂಡ ಹೊರದೇಶದವರ ತಲೆ ನರೆಯಿತು. 2023ರ ಮಾರ್ಚಿನಲ್ಲಿ ಟೋಕಿಯೊ ಷೇರುಪೇಟೆಯೇ ಎದ್ದು, ಬಂಡವಾಳವನ್ನು ಹೇಗೆ ದುಡಿಸುತ್ತೀರಿ ಎಂದು ಯೋಜನೆ ಪ್ರಕಟಿಸಿ, ಅದರಲ್ಲೂ ಲೆಕ್ಕಪುಸ್ತಕದ ಮೌಲ್ಯಕ್ಕಿಂತ ಅಗ್ಗವಾಗಿರುವವರು ಹೇಳಲೇಬೇಕು ಎಂದು ಕೇಳಿದ ಮೇಲೆ ಬಾಗಿಲುಗಳು ಕಿರುಗುಟ್ಟತೊಡಗಿದವು.

ನನ್ನದೂ ಒಂದು ಕಥೆ ಇದೆ. ಯಂತ್ರದ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿ, ಹೆಸರು ಬೇಡ. ಷೇರಿಗೆ 130 ರೂಪಾಯಿ ನಗದು, ನಾನು ಕೊಂಡದ್ದು 85ಕ್ಕೆ. ಸಾಲ ಇಲ್ಲ, ವ್ಯಾಪಾರ ಲಾಭದಲ್ಲಿತ್ತು, ಗುಣಾಕಾರ ಭಾಗಾಕಾರ ಎಲ್ಲ ಸರಿ. ಆರು ವರ್ಷ ಕಾದೆ. ಪ್ರತಿ ಮಹಾಸಭೆಗೂ ಹೋಗುತ್ತಿದ್ದೆ. ಹೋಟೆಲೊಂದರ ಮೇಲಂತಸ್ತಿನ ಹಾಲ್, ನಲವತ್ತು ಕುರ್ಚಿ, ನಾವು ಷೇರುದಾರರು ಏಳೆಂಟು ಜನ, ಉಳಿದವರೆಲ್ಲ ಕಚೇರಿಯವರು. ಹಣ ಏನು ಮಾಡುತ್ತೀರಿ ಎಂದು ನಾನು ಕೇಳುವುದು, ಕಷ್ಟಕಾಲಕ್ಕಿರಲಿ ಎಂದು ಅಧ್ಯಕ್ಷರು ನಗುವುದು, ಆಮೇಲೆ ಎಲ್ಲರೂ ಕೇಸರಿಬಾತು ತಿಂದು ಕಾಫಿ ಕುಡಿಯುವುದು. ಏಳನೇ ವರ್ಷ ಕಷ್ಟಕಾಲ ಬಂತು, ಆದರೆ ಕಂಪನಿಗಲ್ಲ. ಅಧ್ಯಕ್ಷರ ಸಂಬಂಧಿಕರ ಸಂಸ್ಥೆಯೊಂದರ ಜಮೀನನ್ನು ಕಂಪನಿ ‘ಮುಂದಿನ ವಿಸ್ತರಣೆಗಾಗಿ’ ಕೊಂಡಿತು. 92ಕ್ಕೆ ಮಾರಿ ಹೊರಬಂದೆ. ಆಮೇಲೆ ಯಾವ ವಾರ್ಷಿಕ ವರದಿ ತೆರೆದರೂ ನಾನು ಮೊದಲು ಓದುವುದು ಸಂಬಂಧಿತರೊಂದಿಗಿನ ವ್ಯವಹಾರಗಳ ಟಿಪ್ಪಣಿಯನ್ನು. ಅಧ್ಯಕ್ಷರ ಫೋಟೊ ಇರುವ ನುಣುಪು ಪುಟವನ್ನು ಓದುವುದೇ ಇಲ್ಲ.

ಇದಕ್ಕಿಂತ ಕೆಟ್ಟದ್ದೂ ಉಂಟು: ತಿಜೋರಿಯಲ್ಲಿ ಹಣವೇ ಇಲ್ಲದಿರುವುದು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಬರೆದ ಪತ್ರ ನಿಮಗೆ ನೆನಪಿರಬಹುದು. ಲೆಕ್ಕಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅವರೇ ಒಪ್ಪಿಕೊಂಡರು. ಅದೇ ಪತ್ರದ ಇನ್ನೊಂದು ಸಾಲು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಬರಬೇಕಾದ ಬಡ್ಡಿ ಎಂದು ತೋರಿಸಿದ್ದ 376 ಕೋಟಿಯೂ ಸುಳ್ಳು. ಇಲ್ಲದ ಠೇವಣಿಗೆ ಬಡ್ಡಿಯನ್ನೂ ಬರೆದುಕೊಳ್ಳಲೇಬೇಕಲ್ಲ, ಇಲ್ಲದಿದ್ದರೆ ನಿಮ್ಮಂಥ ಮೇಷ್ಟ್ರು ಹಿಡಿಯುತ್ತಾರೆ. ಆದ್ದರಿಂದ ಲಾಭನಷ್ಟದ ಪುಟದಲ್ಲಿ ಬಡ್ಡಿ ಎಷ್ಟು ಎಂದು ನೋಡಿದರೆ ಸಾಲದು. ನಗದು ಹರಿವಿನ ಪಟ್ಟಿಯಲ್ಲಿ ನಿಜವಾಗಿ ಕೈಗೆ ಬಂದ ಬಡ್ಡಿ ಎಷ್ಟು ಎಂದೂ ನೋಡಬೇಕು. ಎರಡಕ್ಕೂ ತಾಳೆ ಇರಬೇಕು.

ತೆರಿಗೆಯ ವಿಷಯ ಒಂದೇ ಮಾತು. 2020ರ ಏಪ್ರಿಲ್‌ನಿಂದ ಲಾಭಾಂಶಕ್ಕೆ ತೆರಿಗೆ ಕಟ್ಟುವವರು ಷೇರುದಾರರೇ, ಅವರವರ ಆದಾಯದ ಹಂತದ ಪ್ರಕಾರ. ಶೇಕಡಾ 30ರ ಹಂತದಲ್ಲಿರುವವನಿಗೆ ದೊಡ್ಡಪ್ಪ ಮನಸ್ಸು ಮಾಡಿ ನೂರನ್ನೂ ಲಾಭಾಂಶವಾಗಿ ಹಂಚಿದರೂ ಕೈಗೆ ಉಳಿಯುವುದು ಎಪ್ಪತ್ತರ ಒಳಗೇ. ಎಪ್ಪತ್ತಕ್ಕೆ ಮಾರಿದವನು ದಡ್ಡನಲ್ಲ ಎಂದು ಆರಂಭದಲ್ಲಿ ಹೇಳಿದೆನಲ್ಲ, ಅವನು ಬಹುಶಃ ಈ ಹಂತದವನೂ ಇರಬಹುದು. ನಿಮ್ಮ ಪಿಂಚಣಿಗೆ ಅಷ್ಟು ತೆರಿಗೆ ಬೀಳಲಿಕ್ಕಿಲ್ಲ, ಅದೊಂದು ಅನುಕೂಲ.

ಈಗ ನಿಮ್ಮ ಎರಡು ಹಾಳೆ. ನಾನು ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರನಲ್ಲ, ಹೆಸರು ಮುಚ್ಚಿ ಕಳಿಸಿದ್ದು ಒಳ್ಳೆಯದೇ ಆಯಿತು. ಮಗ ಪೆನ್ಸಿಲಿನಲ್ಲಿ ಗುರುತು ಮಾಡಿರುವುದು ನಗದು ಮತ್ತು ಬ್ಯಾಂಕ್ ಠೇವಣಿ 84 ಕೋಟಿ ಎಂಬ ಸಾಲನ್ನು. ಅಂಚಿನಲ್ಲಿ ಪೇಟೆಯ ಒಟ್ಟು ಬೆಲೆ 61 ಕೋಟಿ ಎಂದು ಬರೆದಿದ್ದಾನೆ. ಆಸ್ತಿಯ ಕಡೆ ಓದಿದ್ದಾನೆ, ಹೊಣೆಯ ಕಡೆ ಕಣ್ಣು ಹಾಯಿಸಿಲ್ಲ. ಅಲ್ಲಿ ಬ್ಯಾಂಕಿನ ಸಾಲ 19 ಕೋಟಿ ಇದೆ. ಗ್ರಾಹಕರಿಂದ ಪಡೆದ ಮುಂಗಡ 11 ಕೋಟಿ ಇದೆ. ಅದು ಸರಕು ಮಾಡಿಕೊಡಲು ಅವರು ಕೊಟ್ಟ ಹಣ, ಕಂಪನಿಯ ಸ್ವಂತದ್ದಲ್ಲ. ಎರಡನ್ನೂ ಕಳೆದರೆ ಉಳಿಯುವುದು 54. ಎಂದರೆ ಈ ಷೇರು ನಗದಿಗಿಂತ ಅಗ್ಗವಾಗಿ ಸಿಗುತ್ತಲೇ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತಿದೆ. 84 ಕೋಟಿಗೆ ಶೇಕಡಾ 7ರಂತೆ ಹಿಡಿದರೂ ವರ್ಷಕ್ಕೆ 5.9 ಕೋಟಿ ಬಡ್ಡಿ ಬರಬೇಕಿತ್ತು. ಎರಡನೇ ಹಾಳೆಯಲ್ಲಿ ‘ಇತರೆ ಆದಾಯ’ದ ಕೆಳಗೆ ಬಡ್ಡಿ ಎಂದು ಇರುವುದು 1.9 ಕೋಟಿ. ಹಿಂದಕ್ಕೆ ಲೆಕ್ಕ ಹಾಕಿದರೆ ವರ್ಷವಿಡೀ ಬ್ಯಾಂಕಿನಲ್ಲಿದ್ದ ಸರಾಸರಿ ಹಣ 27 ಕೋಟಿಯಷ್ಟೇ. ಇದಕ್ಕೆ ನಿರಪಾಯದ ಕಾರಣವೂ ಇರಬಹುದು: ದೊಡ್ಡ ಬಾಕಿಯೊಂದು ಮಾರ್ಚಿನಲ್ಲೇ ವಸೂಲಾಗಿರಬಹುದು, ಹಣ ಬಡ್ಡಿಯಿಲ್ಲದ ಚಾಲ್ತಿ ಖಾತೆಯಲ್ಲಿ ಬಿದ್ದಿರಬಹುದು. ಮಾರ್ಚ್ 31ಕ್ಕೆ ಎಲ್ಲಿಂದಲೋ ತಂದು ತುಂಬಿಸಿ, ಏಪ್ರಿಲ್ ಮೊದಲ ವಾರ ವಾಪಸು ಕೊಡುವ ಪರಿಪಾಠವೂ ಪೇಟೆಯಲ್ಲಿ ಹೊಸದೇನಲ್ಲ. ಮಾರ್ಚ್ ಪುಟವನ್ನಷ್ಟೇ ನೋಡಿ ಯಾವುದೆಂದು ಹೇಳಲಾಗದು.

ಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಅರ್ಧವರ್ಷಕ್ಕೊಮ್ಮೆಯೂ ಆಸ್ತಿ ಹೊಣೆಗಳ ಪಟ್ಟಿ ಪ್ರಕಟಿಸಬೇಕು. ಮಗನಿಗೆ ಹೇಳಿ ಬಿಎಸ್‌ಇ ಜಾಲತಾಣದಿಂದ ಸೆಪ್ಟೆಂಬರ್ 30ರ ಪಟ್ಟಿ ತೆಗೆಸಿ, ಕಳೆದ ಮೂರು ವರ್ಷದ್ದು. ಮೂರರಲ್ಲೂ ನಗದಿನ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ, ಉತ್ತರಪತ್ರಿಕೆ ತಿದ್ದುವಾಗ ಎಳೆಯುತ್ತಿದ್ದಿರಲ್ಲ ಹಾಗೆ. ಜೆರಾಕ್ಸ್ ಬೇಡ, ಫೋನಿನಲ್ಲಿ ಫೋಟೊ ತೆಗೆದು ಕಳಿಸಿದರೂ ನಡೆಯುತ್ತದೆ. ಅಲ್ಲಿಯವರೆಗೆ ಒಂದು ಷೇರನ್ನೂ ಕೊಳ್ಳಬೇಡಿ.